ಬೋನ್ಸಾಯ್ ಎಂಬ ಬೈಗುಳ

ಹೊರನಾಡ ಕನ್ನಡ ಕವಿಗೋಷ್ಠಿಗಳಲ್ಲಿ ಒಂದು ಉಪಮೆ ತಪ್ಪದೆ ಹಾಜರಿರುತ್ತದೆ. ಊರು ಬಿಟ್ಟು ಬಂದವನು ಬೋನ್ಸಾಯ್ ಗಿಡ; ಬೇರು ಕಡಿಸಿಕೊಂಡವನು, ಕುಂಡದಲ್ಲಿ ಕುಬ್ಜನಾದವನು. ಸಭೆ ನಿಟ್ಟುಸಿರು ಬಿಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಮುಂದಿನ ಕವಿ ಅದೇ ಉಪಮೆಯನ್ನು ಹೆಣ್ಣಿಗೆ ತೊಡಿಸುತ್ತಾನೆ, ಅವನ ಮುಂದಿನವನು ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ. ವಿಮರ್ಶಕರಿಗಂತೂ ತಮಗಾಗದ ಸಾಹಿತಿಯನ್ನು ‘ಬೋನ್ಸಾಯ್ ಪ್ರತಿಭೆ’ ಎಂದು ಕರೆದರೆ ವಿಮರ್ಶೆಯ ಅರ್ಧ ಕೆಲಸ ಮುಗಿದಂತೆ. ಹೀಗೆ ಒಂದು ಕಲೆಯ ಹೆಸರು ನಮ್ಮ ಭಾಷೆಯಲ್ಲಿ ಬೈಗುಳವಾಗಿ ನೆಲೆಯೂರಿದೆ. ಇದನ್ನು ಬಳಸುವವರಲ್ಲಿ ಬಹುತೇಕರು ಒಂದು ಹಳೆಯ ಬೋನ್ಸಾಯ್ ಮರದ ಎದುರು ಹತ್ತು ನಿಮಿಷ ಸುಮ್ಮನೆ ಕುಳಿತವರಲ್ಲ ಎಂಬುದೇ ನಮ್ಮ ಆಕ್ಷೇಪ.

ನಾವು ಎಂದರೆ ಪುಣೆಯ ಬಿಬವೇವಾಡಿಯ ನಾಲ್ಕಾರು ಕನ್ನಡ ಮನೆಗಳವರು. ಹೆಚ್ಚಿನವರು ಕೇಂದ್ರ ಸರ್ಕಾರದ ವರ್ಗಾವಣೆಯ ನೌಕರಿಯಲ್ಲಿರುವವರು. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರ ತಾರಸಿಯ ಮೇಲೆ ಸೇರಿ ಓದುತ್ತೇವೆ, ಜಗಳವಾಡುತ್ತೇವೆ, ಕುಂಡಗಳಿಗೆ ನೀರು ಹಾಕುತ್ತೇವೆ. ಇಂಗ್ಲಿಷ್ ಎಂ.ಎ. ಮಾಡಿದ ನಮ್ಮಂಥವರಿಗೆ ಈ ಉಪಮೆಯ ಒಂದು ಮೂಲವೂ ಗೊತ್ತು. ಅಮೆರಿಕದ ಕವಯಿತ್ರಿ ಮಾರ್ಜ್ ಪಿಯರ್ಸಿಯ ‘ಎ ವರ್ಕ್ ಆಫ್ ಆರ್ಟಿಫಿಸ್’ ನಮ್ಮ ದೇಶದ ತರಗತಿಗಳಲ್ಲೂ ಓದಿಸುವ ಕವಿತೆ. ಹೆಣ್ಣನ್ನು ಸವರಿ ಸವರಿ ಚಿಕ್ಕದಾಗಿಸಿ, ಅದನ್ನೇ ಪ್ರೀತಿ ಎನ್ನುವವರ ಮೇಲೆ ಅದರ ಸಿಟ್ಟು. ಆ ಸಿಟ್ಟು ನ್ಯಾಯವಾದುದು. ಆದರೆ ಸಿಟ್ಟು ನ್ಯಾಯವಾಗಿದ್ದ ಮಾತ್ರಕ್ಕೆ ಉಪಮಾನದ ಬಗೆಗಿನ ಮಾಹಿತಿ ನಿಜವಾಗುವುದಿಲ್ಲ. ಹೆಣ್ಣಿನ ಪರವಾಗಿ ಮಾತನಾಡಲು ಮರದ ಮೇಲೆ ಸುಳ್ಳು ದೂರು ಕೊಡಬೇಕಾಗಿಲ್ಲ.

ಮರವನ್ನು ಉಪವಾಸ ಕೆಡವಿ ಗಿಡ್ಡಗೊಳಿಸುತ್ತಾರೆಂಬುದು ಎಲ್ಲರ ನಂಬಿಕೆ. ಉಪವಾಸ ಕೆಡವಿದ ಮರ ಗಿಡ್ಡವಾಗುವುದಿಲ್ಲ, ಸಾಯುತ್ತದೆ. ಕುಂಡದೊಳಗಿನ ಬೇರುಗಳು ಸುತ್ತಿ ಸುತ್ತಿ ಗಂಟಾದಾಗ ನೀರು ಒಳಗಿಳಿಯುವುದಿಲ್ಲ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಮರವನ್ನು ಎತ್ತಿ, ದಪ್ಪ ಬೇರುಗಳನ್ನು ಸವರಿ, ಇಟ್ಟಿಗೆ ಚೂರು, ದಪ್ಪ ಮರಳು, ಗೊಬ್ಬರ ಸೇರಿಸಿದ ಹೊಸ ಮಣ್ಣಿನಲ್ಲಿ ಕೂರಿಸಬೇಕು. ಕತ್ತರಿಸಿದ ತುದಿಯಿಂದಲೇ ನೀರು ಹೀರುವ ಎಳೆಬೇರುಗಳು ಒಡೆಯುತ್ತವೆ. ‘ಬೇರು ಕಡಿಸಿಕೊಂಡವನು’ ಎಂದು ಅಳುವ ಕವಿಗೆ ತಿಳಿಯದ ಸಂಗತಿ ಇದು: ಮರ ಎಳೆಯದಾಗಿ ಉಳಿಯುವುದೇ ಆ ಕತ್ತರಿಯಿಂದ. ಅದರ ಜಾತಿಗುಣವೂ ಎಳ್ಳಷ್ಟು ಬದಲಾಗುವುದಿಲ್ಲ. ಒಂದು ಕೊಂಬೆಗೆ ಗೂಟಿ ಕಟ್ಟಿ, ಬೇರು ಬಂದ ಮೇಲೆ ನೆಲದಲ್ಲಿ ನೆಟ್ಟರೆ ಅದು ಹಿತ್ತಲಿನ ಮರದಷ್ಟೇ ಎತ್ತರಕ್ಕೆ ಏಳುತ್ತದೆ. ಎಲೆ ಚಿಕ್ಕದಾಗುತ್ತದೆ, ನಿಜ. ಆದರೆ ಹೂವು ಹಣ್ಣುಗಳು ಚಿಕ್ಕದಾಗುವುದಿಲ್ಲ. ಒಂದೂವರೆ ಅಡಿಯ ದಾಳಿಂಬೆ ಮರ ಹಣ್ಣು ಬಿಟ್ಟಾಗ ಕೊಂಬೆಗೆ ಆಸರೆ ಕೊಡಬೇಕಾಗುತ್ತದೆ.

ಹಿಂಸೆಯ ಮಾತೂ ಇದೆ. ಚಹಾ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಮರವಾಗಿ ಬೆಳೆಯುತ್ತದೆ. ತೋಟದಲ್ಲಿ ಅದನ್ನು ಹಲವು ದಶಕಗಳ ಕಾಲ ಸೊಂಟದೆತ್ತರಕ್ಕೆ ಕತ್ತರಿಸಿ ನಿಲ್ಲಿಸುತ್ತಾರೆ. ನಮ್ಮ ವಿಜಯಪುರದ ಬೆಳೆಗಾರರು ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಹಿಪ್ಪುನೇರಳೆಯನ್ನು ಬುಡಕ್ಕೆ ಸವರುತ್ತಾರೆ. ಇವುಗಳ ಮೇಲೆ ಶೋಕಗೀತೆ ಬರೆದವರನ್ನು ನಾವು ಕಂಡಿಲ್ಲ. ಬೋನ್ಸಾಯ್ ಹಿಂಸೆ ಎಂದು ಭಾಷಣ ಮಾಡುವವರು ಎರಡು ಕಪ್ ಚಹಾ ಕುಡಿದೇ ವೇದಿಕೆ ಏರುತ್ತಾರೆ.

ಮರಾಠಿಯಲ್ಲಿ ಇದಕ್ಕೆ ವಾಮನವೃಕ್ಷ ಎನ್ನುತ್ತಾರೆ. ಕನ್ನಡಕ್ಕೂ ಆ ಮಾತು ಹೊಸದಲ್ಲ. ‘ಕುಬ್ಜ’ಕ್ಕಿಂತ ಇದು ಎಷ್ಟೋ ಮೇಲು. ವಾಮನನನ್ನು ಗಿಡ್ಡನೆಂದು ತಿಳಿದ ಬಲಿಯ ಗತಿ ಏನಾಯಿತೆಂಬುದನ್ನು ಬಾದಾಮಿಯ ಗುಹೆಗಳಲ್ಲಿ ತ್ರಿವಿಕ್ರಮನ ಎತ್ತಿದ ಕಾಲನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. (ಈ ಹೆಸರನ್ನು ಹಿಡಿದು, ಬೋನ್ಸಾಯ್ ನಮ್ಮ ಋಷಿಗಳ ಶೋಧವೆಂದು ಸಾಧಿಸುವವರೂ ಇದ್ದಾರೆ. ತಟ್ಟೆಯಲ್ಲಿ ಪುಟ್ಟ ಗಿಡಗಳನ್ನು ಹೊತ್ತ ಸೇವಕರ ಚಿತ್ರ ಸಿಗುವುದು ಚೀನಾದ ಟಾಂಗ್ ಕಾಲದ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯ ಗೋಡೆಯ ಮೇಲೆ, ಕ್ರಿ.ಶ. 706ರದು. ಅಭಿಮಾನಕ್ಕೆ ಬೇರೆ ವಿಷಯಗಳು ನಮ್ಮಲ್ಲಿ ಬೇಕಾದಷ್ಟಿವೆ.)

ಹಾಗಾದರೆ ಹಳೆಯ ಬೋನ್ಸಾಯ್ ಮರವನ್ನು ನೋಡುವುದು ಹೇಗೆ? ನಿಂತು ನೋಡಬಾರದು. ಕಣ್ಣು ಮರದ ನಡುಮಟ್ಟಕ್ಕೆ ಬರುವಂತೆ ಕುಳಿತುಕೊಳ್ಳಬೇಕು. ಆಗ ಅಳತೆ ತಾನಾಗಿ ಮರೆಯಾಗುತ್ತದೆ. ಊರ ಹೊರಗಿನ ಬಯಲಲ್ಲಿ ದೂರದಿಂದ ಕಂಡ ಮರವಾಗುತ್ತದೆ. ನೋಟ ಬುಡದಿಂದ ಆರಂಭವಾಗಲಿ. ಬೇರುಗಳು ಎಲ್ಲ ದಿಕ್ಕಿಗೂ ಹರಡಿ ಮಣ್ಣನ್ನು ಹಿಡಿದಿವೆಯೇ? ಜಪಾನೀಯರು ಇದನ್ನು ನೆಬಾರಿ ಎನ್ನುತ್ತಾರೆ. ಇದೊಂದು ಸರಿಯಿಲ್ಲದಿದ್ದರೆ ಮರ ನೆಟ್ಟಂತೆ ಕಾಣುತ್ತದೆಯೇ ಹೊರತು ಬೆಳೆದಂತಲ್ಲ. ಬುಡದಿಂದ ತುದಿಗೆ ಕಾಂಡ ಸ್ವಲ್ಪಸ್ವಲ್ಪವಾಗಿ ಸಣ್ಣಗಾಗುತ್ತ ಹೋಗಬೇಕು. ಕೆಳಗಿನ ಕೊಂಬೆಗಳು ತಮ್ಮ ಭಾರಕ್ಕೆ ತಾವೇ ಬಾಗಿದಂತಿರಬೇಕು. ಕೊಂಬೆಗಳ ನಡುವೆ ಖಾಲಿ ಜಾಗ ಉಳಿದಿರಬೇಕು. ತಂತಿ ಸುತ್ತಿದ ಗುರುತು ತೊಗಟೆಯಲ್ಲಿ ಕಂಡರೆ ಅದು ಬೆಳೆಸಿದವನ ಅವಸರಕ್ಕೆ ಸಾಕ್ಷಿ.

ತೊಗಟೆಯ ವಿಷಯಕ್ಕೆ ಬಂದರೆ ನಮ್ಮ ಹುಣಸೆಗೆ ಸಾಟಿಯಿಲ್ಲ. ಇಪ್ಪತ್ತು ವರ್ಷ ದಾಟಿದ ಹುಣಸೆಯ ತೊಗಟೆ ಕೆರೆಯಂಗಳದ ಒಣಮಣ್ಣಿನಂತೆ ಬಿರುಕು ಬಿಟ್ಟಿರುತ್ತದೆ. ಸಂಜೆಯಾದೊಡನೆ ಅದರ ಎಲೆಗಳು ಮಡಚಿಕೊಳ್ಳುತ್ತವೆ. ಅಷ್ಟು ಹಳೆಯ ಮೈ, ಅಷ್ಟು ಎಳೆಯ ಅಭ್ಯಾಸ. ಜಪಾನಿನ ಜುನಿಪರ್‌ನಲ್ಲಿ ಸತ್ತ ಕೊಂಬೆಯನ್ನು ಬೆಳ್ಳಗೆ ಉಳಿಸಿಕೊಳ್ಳುವುದು ಮುಪ್ಪಿನ ಚೆಲುವೆನಿಸಿದರೆ, ನಮ್ಮ ಆಲದಲ್ಲಿ ಒಣಗಿದ ಭಾಗ ಬೇಗ ಕೊಳೆಯುತ್ತದೆ. ಅದರ ಮುಪ್ಪು ಕಾಣುವುದು ಬಿಳಲುಗಳಲ್ಲಿ. ಪುಣೆಯ ಒಣಹವೆಯಲ್ಲಿ ಬಿಳಲು ಇಳಿಯುವುದು ಮಳೆಗಾಲದ ತೇವದಲ್ಲಿ ಮಾತ್ರ. ಕೆಲವರು ಶರಬತ್ತು ಕುಡಿಯುವ ಕೊಳವೆಯೊಳಗೆ ಒದ್ದೆ ಪಾಚಿ ತುಂಬಿ, ಅದರ ಮೂಲಕ ಬಿಳಲನ್ನು ಮಣ್ಣಿಗೆ ಮುಟ್ಟಿಸುತ್ತಾರೆ. ಒಂದು ಬಿಳಲು ಎರಡನೆಯ ಕಾಂಡದಂತೆ ಕಾಣಲು ಎಷ್ಟು ಮಳೆಗಾಲಗಳು ಬೇಕೆಂದು ಕೇಳಬಾರದು.

ಆದರೆ ಜನ ಕೇಳುವುದು ಅದನ್ನೇ. 2018ರ ಫೆಬ್ರವರಿಯಲ್ಲಿ ಪ್ರಾಜಕ್ತಾ ಕಾಳೆಯವರ ‘ಬೋನ್ಸಾಯ್ ನಮಸ್ತೆ’ ಸಂಸ್ಥೆ ಇಲ್ಲಿಯ ಕೃಷಿ ಕಾಲೇಜಿನ ಮೈದಾನದಲ್ಲಿ ಅಂತರರಾಷ್ಟ್ರೀಯ ಸಮಾವೇಶ ನಡೆಸಿದಾಗ ನೋಡಲು ಹೋದವರ ಬಾಯಲ್ಲಿ ಎರಡೇ ಪ್ರಶ್ನೆ: ವಯಸ್ಸೆಷ್ಟು, ಬೆಲೆಯೆಷ್ಟು. ವ್ಯಾಪಾರಿಗಳು ಈ ಎರಡೂ ಪ್ರಶ್ನೆಗಳನ್ನು ಒಂದೇ ಚೀಟಿಯಲ್ಲಿ ತೀರಿಸಲು ಕಲಿತಿದ್ದಾರೆ. ದಪ್ಪ ಗೆಡ್ಡೆಬೇರಿನ ಫೈಕಸ್‌ಗೆ ಮೇಲೆ ಎಲೆ ಕಸಿ ಮಾಡಿ, ಹೊಳೆಯುವ ಪಿಂಗಾಣಿ ಬಟ್ಟಲಲ್ಲಿಟ್ಟು, ‘ಹದಿನೈದು ವರ್ಷ’ ಎಂದು ಬರೆದರೆ ಮುಗಿಯಿತು. ಬೋನ್ಸಾಯ್‌ನಲ್ಲಿ ಮುಪ್ಪು ಎಂಬುದು ಪಂಚಾಂಗದ ಲೆಕ್ಕವಲ್ಲ. ಸರಿಯಾಗಿ ಪಳಗಿಸಿದ ಹದಿನೆಂಟು ವರ್ಷದ ಮರ ನೂರರ ಗಾಂಭೀರ್ಯ ತೋರಬಲ್ಲದು. ಕುಂಡದಲ್ಲಿ ಸುಮ್ಮನೆ ಐವತ್ತು ವರ್ಷ ಕಳೆದ ಗಿಡ ಬರಿಯ ಹಳೆಯ ಗಿಡ. ವಯಸ್ಸಿನ ಈ ಹಪಾಹಪಿಯಿಂದಲೇ ಕೆಲವರು ಸಹ್ಯಾದ್ರಿಯ ಬಂಡೆಗಳಿಂದ ಮರಗಳನ್ನು ಅಗೆದು ತರುತ್ತಾರೆ. ಅವುಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಬೀಳಿಸಲಿರುವ ವಾಡೆಯ ಗೋಡೆಯ ಸಂದಿಯಿಂದ ಅರಳಿಯನ್ನು ಬಿಡಿಸಿ ತಂದು ಉಳಿಸಿದರೆ ನಮ್ಮ ತಕರಾರಿಲ್ಲ.

ಇಷ್ಟೇ ಆಗಿದ್ದರೆ ಇದು ರಸಿಕರ ಜಗಳವೆಂದು ಬಿಡಬಹುದಿತ್ತು. ಆದರೆ ಕವಿಗಳ ಉಪಮೆಗೆ ಒಬ್ಬ ಅವಳಿ ಸಹೋದರನಿದ್ದಾನೆ. ಅವನ ಹೆಸರು ವಾಸ್ತು. ‘ಬೋನ್ಸಾಯ್ ಇದ್ದ ಮನೆ ಬೆಳೆಯುವುದಿಲ್ಲ’ ಎಂಬುದು ಇಂದು ಊರೂರಲ್ಲಿ ಚಲಾವಣೆಯಲ್ಲಿರುವ ಮಾತು. ಕವಿ ಹೇಳುವುದನ್ನೇ ವಾಸ್ತು ಪಂಡಿತ ಹೇಳುತ್ತಾನೆ, ಶುಲ್ಕ ಪಡೆದು. ಮೈಸೂರಿನ ಅವಧೂತ ದತ್ತ ಪೀಠದಂಥ ಆಶ್ರಮವೇ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ಬೆಳೆಸಿಕೊಂಡಿದೆ ಎಂದರೂ ಇವರು ಕೇಳುವವರಲ್ಲ.

ಇದರ ಫಲವನ್ನು ಬಿಬವೇವಾಡಿಯಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಇಲ್ಲಿಯ ಹಳೆಯ ಮೂರು ನಾಲ್ಕು ಮಹಡಿಯ ಸೊಸೈಟಿಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ತಾರಸಿಗಳು ಹೋದವೆಂದರೆ ಅವುಗಳ ಮೇಲಿನ ಮರಗಳೂ ಹೋದವು. ನಿಪ್ಪಾಣಿ ಕಡೆಯ ಹಿರಿಯರೊಬ್ಬರು ನೌಕರಿಯ ಮೊದಲ ವರ್ಷಗಳಲ್ಲಿ ಬೀಜದಿಂದ ಎಬ್ಬಿಸಿದ ಹುಣಸೆ ಅವರೊಂದಿಗೆ ಮೂರು ಬಾಡಿಗೆ ಮನೆ ಕಂಡು ಇಲ್ಲಿಗೆ ಬಂದಿತ್ತು. ಬುಡ ಎರಡು ಗೇಣು ಸುತ್ತಳತೆ, ಎತ್ತರ ಮೊಣಕಾಲಿನಷ್ಟು. ಅವರು ತೀರಿಕೊಂಡ ಮೇಲೆ ಮನೆಯವರು ಹೊಸ ಫ್ಲ್ಯಾಟಿಗೆ ಹೊರಟರು. ಮರ ಬೇಡವೆಂದು ವಾಸ್ತು ಸಲಹೆಗಾರ ಹೇಳಿದ. ಯಾರಿಗಾದರೂ ಕೊಡಲು ಸಂಕೋಚ. ಅಶುಭವೆಂದ ಮೇಲೆ ಕೊಡುವುದು ಯಾರಿಗೆ? ಮೇ ತಿಂಗಳ ಬಿಸಿಲಿನಲ್ಲಿ ಅದು ಖಾಲಿ ಕಟ್ಟಡದ ತಾರಸಿಯ ಮೇಲೆ ಉಳಿಯಿತು. ಸುದ್ದಿ ತಿಳಿದು ನಾವು ಹೋದಾಗ ಎರಡು ವಾರ ಕಳೆದಿತ್ತು. ಕೊಂಬೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿರಲಿಲ್ಲ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಮರವಿದೆ. 1625ರಿಂದ ಕುಂಡದಲ್ಲಿ ಬೆಳೆದದ್ದು. ಹಿರೋಷಿಮಾದ ಯಮಾಕಿ ಕುಟುಂಬದ ಅಂಗಳದಲ್ಲಿ, ಬಾಂಬ್ ಸಿಡಿದ ಕೇಂದ್ರದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, 1945ರ ಆಗಸ್ಟ್ 6ರಂದು ಅದು ಉಳಿದುಕೊಂಡಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಬಾಂಬ್ ಹಾಕಿದ ದೇಶಕ್ಕೇ ಉಡುಗೊರೆ ಕೊಟ್ಟರು. ಅದು ಹಿರೋಷಿಮಾವನ್ನು ಉಳಿದು ಬಂದ ಮರವೆಂಬುದು ಅಲ್ಲಿಯವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ಮರವನ್ನು ನೋಡಲು ಹೋದಾಗ. ಪರದೇಶದ ಕುಂಡದಲ್ಲಿ ನಿಂತ ಈ ಮರಕ್ಕೆ ನಮ್ಮ ಹೊರನಾಡ ಕವಿಗಳು ‘ಪಾಪ’ ಎನ್ನುವರೇ? ಕುಂಡದ ಮರಕ್ಕೆ ದಿನವೂ ನೀರು ಹಾಕುವ ಒಬ್ಬರು ಬೇಕು. ಒಬ್ಬರಾದ ಮೇಲೆ ಇನ್ನೊಬ್ಬರು ಬೇಕು. ನಾನೂರು ವರ್ಷದ ಮರವೆಂದರೆ ನಾನೂರು ವರ್ಷ ಒಂದು ಬೇಸಿಗೆಯೂ ಯಾರೂ ಮರೆಯಲಿಲ್ಲ ಎಂದರ್ಥ. ಅದನ್ನು ಬೆಳವಣಿಗೆ ಕುಂಠಿತವಾದದ್ದಕ್ಕೆ ಉಪಮಾನ ಮಾಡಲು ವಿಚಿತ್ರ ಧೈರ್ಯ ಬೇಕು.

ಜಪಾನಿನ ಸೈತಾಮಾ ನಗರವು ಒಮಿಯಾದಲ್ಲಿ 2010ರಲ್ಲಿ ಬೋನ್ಸಾಯ್‌ಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯ್ ಆವರಣವಿದೆ. ಪುಣೆಯಲ್ಲಿ ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನವನ್ನು ಒಕಾಯಾಮಾದ ಕೊರಾಕುಎನ್ ಮಾದರಿಯಲ್ಲಿ ಕಟ್ಟಿದ್ದಾರೆ. ಬಿಬವೇವಾಡಿಯಿಂದ ದೂರವೂ ಅಲ್ಲ. ಅಲ್ಲಿ ಅರ್ಧ ನೆರಳಿನ ಒಂದು ಮೂಲೆ, ಒಂದು ನಲ್ಲಿ, ಒಬ್ಬ ಮಾಲಿ ಇದ್ದರೆ ವಾರಸುದಾರರಿಲ್ಲದ ಮರಗಳು ಬದುಕುತ್ತವೆ. ಪಾಲಿಕೆಗೆ ಕೊಡಬೇಕಾದ ಅರ್ಜಿಯನ್ನು ನಾವು ಮರಾಠಿಯಲ್ಲಿ ಬರೆಯುತ್ತಿದ್ದೇವೆ. ಸರ್ಕಾರಿ ನೌಕರರಿಗೆ ಒಲಿದ ಗದ್ಯಪ್ರಕಾರ ಅದೊಂದೇ ತಾನೆ. ಸಹಿ ಹಾಕಲು ಬರುವವರಲ್ಲಿ ಕವಿಗಳಿದ್ದರೆ, ಮೊದಲು ಮಹಡಿ ಹತ್ತಿ ಬನ್ನಿ. ಈ ವಾರ ನಮ್ಮ ಹುಣಸೆಗಳು ಎಲೆ ಉದುರಿಸಿವೆ; ಕೊಂಬೆಗಳೆಲ್ಲ ಬತ್ತಲಾಗಿ ಕಾಣುತ್ತವೆ. ಹೊಸ ಚಿಗುರು ಮುಚ್ಚಿಬಿಡಲು ಇನ್ನು ಹತ್ತು ದಿನವೂ ಇಲ್ಲ.