ಬಾಲ ಹಿಂದಕ್ಕೆ ಸರಿದದ್ದು ಸುಮ್ಮನೆ ಅಲ್ಲ

ಎಚ್‌ಎಎಲ್‌ನ ತರಬೇತಿ ಜೆಟ್ ಎಚ್‌ಜೆಟಿ-36 ಮೊದಲು ಹಾರಿದ್ದು 2003ರ ಮಾರ್ಚ್‌ನಲ್ಲಿ. ಎಡಕ್ಕೂ ಬಲಕ್ಕೂ ಆರು ಸುತ್ತಿನ ಸ್ಪಿನ್ (ಗಿರಕಿ ಹೊಡೆಯುತ್ತ ಬೀಳುವುದು) ಹಾಕಿ ಹೊರಬರಬಲ್ಲದೆಂದು ಸಂಸ್ಥೆ ಪ್ರಕಟಿಸಿದ್ದು 2022ರ ಜನವರಿಯಲ್ಲಿ. ಅದಕ್ಕೆ ಮುನ್ನ ಲಂಬಬಾಲವನ್ನು ಹಿಂದಕ್ಕೆ ಸರಿಸಿ, ಅದರ ಹಿಂಬದಿಯ ಚಲಿಸುವ ಪಟ್ಟಿಯಾದ ರಡ್ಡರನ್ನು ಹಿಗ್ಗಿಸಬೇಕಾಯಿತು. ತಡವಾಯಿತೆಂದು ಬೈಯುವವರೊಡನೆ ನನ್ನ ತಕರಾರಿಲ್ಲ. ಬಾಲ ಮುಟ್ಟಿದ್ದೇ ದಂಡ ಎನ್ನುವವರಿಗೆ ಮಾತ್ರ ಈ ಉತ್ತರ.

ಸ್ಪಿನ್ ಬಿಡಿಸುವುದು ಪೈಲಟ್‌ನ ಕೆಲಸ, ವಿನ್ಯಾಸದ್ದಲ್ಲ ಎನ್ನುತ್ತಾರೆ. ತಿರುಗುವ ದಿಕ್ಕಿಗೆ ಎದುರಾಗಿ ರಡ್ಡರ್ ಪೂರ್ತಿ ಒತ್ತು, ಸ್ಟಿಕ್ ಮುಂದಕ್ಕೆ ತಳ್ಳು: ಪಾಠವೇನೋ ಸರಿ. ಆದರೆ ಸ್ಪಿನ್‌ನಲ್ಲಿ ವಿಮಾನ ಮುಂದೆ ಸಾಗುವುದಕ್ಕಿಂತ ಕೆಳಗಿಳಿಯುವುದೇ ಹೆಚ್ಚು. ಗಾಳಿ ಹೊಟ್ಟೆಯ ಕಡೆಯಿಂದ ಬಡಿಯುತ್ತದೆ. ಆಗ ಅಡ್ಡಬಾಲವು ರಡ್ಡರ್‌ಗೆ ಕೊಡೆ ಹಿಡಿದಂತೆ. ಮಳೆ ಮಾತ್ರ ಕೆಳಗಿನಿಂದ. ಆ ಮರೆಯ ಕದಡಿದ ಗಾಳಿಯಲ್ಲಿ ರಡ್ಡರ್ ಸಿಕ್ಕಿಕೊಂಡರೆ ಎಂಥ ಪಳಗಿದ ಕಾಲು ಒತ್ತಿದರೂ ಅಷ್ಟಕ್ಕಷ್ಟೇ.

ಹಾಗಿದ್ದರೆ ರಡ್ಡರ್ ದೊಡ್ಡದು ಮಾಡಿದರೆ ಮುಗಿಯಿತಲ್ಲ? ಮರೆಯೊಳಗೇ ದೊಡ್ಡದಾದರೆ ಏನು ಬಂತು! ಲೆಕ್ಕಕ್ಕೆ ಬರುವುದು ಹೊರಗುಳಿದ ಭಾಗ; ಲಂಬಬಾಲ ಹಿಂದೆ ಸರಿದರೆ ಅದು ಹೆಚ್ಚಬಹುದು. ಅಡ್ಡಬಾಲದ ಕೆಳಗಿನ ಒಡಲಿನ ಪಕ್ಕೆಯೂ ತಿರುಗಾಟವನ್ನು ತಡೆಯುತ್ತದೆ, ಅದೂ ಗುರುತ್ವಕೇಂದ್ರದಿಂದಿರುವ ದೂರದ ವರ್ಗಕ್ಕೆ ತಕ್ಕಂತೆ. ದೂರ ಶೇ 10 ಹೆಚ್ಚಿದರೆ ತಡೆ ಶೇ 21 ಹೆಚ್ಚುತ್ತದೆ. ಕೆನಡಾದಲ್ಲಿ ವಿನ್ಯಾಸಗೊಂಡ ಚಿಪ್‌ಮಂಕ್ ತರಬೇತಿ ವಿಮಾನಕ್ಕೆ ಅಡ್ಡಬಾಲದ ಮುಂದೆ ಒಡಲಿನ ಮೇಲೆ ಸಣ್ಣ ಪಟ್ಟಿಗಳನ್ನು ಕೂರಿಸಿದ್ದೂ ಸ್ಪಿನ್ ಕಾರಣಕ್ಕೇ.

ಟಿ-ಬಾಲದ ಅಭಿಮಾನಿಗಳಿಗೆ ಎರಡೇ ಮಾತು. ಅಡ್ಡಬಾಲ ಮೇಲೇರಿದರೆ ರಡ್ಡರ್‌ಗೆ ಮರೆ ತಪ್ಪುತ್ತದೆ, ಒಪ್ಪಿದೆ. ಆದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಡೀಪ್ ಸ್ಟಾಲ್‌ನಲ್ಲಿ ರೆಕ್ಕೆಯ ಕದಡುಗಾಳಿ ಆ ಅಡ್ಡಬಾಲವನ್ನೇ ನುಂಗಬಹುದು. 1963ರ ಅಕ್ಟೋಬರ್‌ನಲ್ಲಿ ಟಿ-ಬಾಲದ ಪ್ರಯಾಣಿಕ ಜೆಟ್ ಬಿಎಸಿ ಒನ್-ಇಲೆವೆನ್‌ನ ಮೂಲಮಾದರಿ ಹಾಗೆಯೇ ಬಿದ್ದು ಏಳು ಮಂದಿ ಸತ್ತರು.

ಬಾಲದ ಲೆಕ್ಕವನ್ನೇ ನೆಚ್ಚಲಾಗದೆಂಬ ಕೊನೆಯ ಆಕ್ಷೇಪ ನಿಜಕ್ಕೂ ಗಟ್ಟಿ. 1940ರ ದಶಕದಲ್ಲಿ ನಾಸಾಗೆ ಮುಂಚಿನ ಅಮೆರಿಕದ ವಾಯುಯಾನ ಸಂಶೋಧನಾ ಸಂಸ್ಥೆ ನಾಕಾ, ಬಾಲದ ಅಳತೆಗಳಿಂದ ಒಂದು ಸಂಖ್ಯೆ ತೆಗೆದು ವಿನ್ಯಾಸಕಾರರ ಕೈಗಿತ್ತಿತು; ಸಣ್ಣ ವಿಮಾನಗಳಿಗೆ ಅದೊಂದನ್ನೇ ನೆಚ್ಚಲಾಗದೆಂದು 1970ರ ದಶಕದಲ್ಲಿ ನಾಸಾವೇ ಹೇಳಿತು. ನಿಜ, ರೆಕ್ಕೆಯ ಮುಂದಿನ ಅಂಚು, ಒಡಲಿನ ತಳದ ಆಕಾರ, ತೂಕದ ಹಂಚಿಕೆ ಎಲ್ಲವೂ ಆಟಕ್ಕಿಳಿಯುತ್ತವೆ. ಅದರಿಂದ ಬಾಲ ಲೆಕ್ಕಕ್ಕಿಲ್ಲವೆಂದು ಆಗುವುದಿಲ್ಲ. ಕಾಗದದ ಲೆಕ್ಕ ಸಾಲದು, ಹಾರಿಸಿಯೇ ನೋಡಬೇಕೆಂದಾಗುತ್ತದೆ. ಎಚ್‌ಜೆಟಿ-36ರ ಸ್ಪಿನ್ ಪರೀಕ್ಷೆಗೆ ಸ್ಪಿನ್ ಬಿಡಿಸುವ ಪ್ಯಾರಾಚೂಟ್ ಜೋಡಿಸಿದ್ದರು, ಲೆಕ್ಕ ತಪ್ಪಿದರೂ ಪೈಲಟ್ ಉಳಿಯಲೆಂದು.