ಟ್ರಕ್ ಕ್ಯಾಂಪರ್ ನೀವೇ ಕಟ್ಟುತ್ತೀರಾ? ಡಾಲರ್ ಎಣಿಸುವ ಮೊದಲು ಬೇಸಿಗೆ ಎಣಿಸಿ

ಅಮೆರಿಕದಲ್ಲಿ ಪಿಕಪ್ ಟ್ರಕ್ ಕೊಂಡ ನಮ್ಮವರಿಗೆ ಒಂದೆರಡು ವರ್ಷದಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ. ಹಿಂದಿನ ಬೆಡ್ ಖಾಲಿ ಬಿದ್ದಿದೆಯಲ್ಲ, ಅದರ ಮೇಲೊಂದು ಪಾಪ್-ಅಪ್ ಕ್ಯಾಂಪರ್ ಕೂರಿಸಿದರೆ ಹೇಗೆ? ಓಡಿಸುವಾಗ ಚಾವಣಿ ತಗ್ಗಿರುತ್ತದೆ. ನಿಲ್ಲಿಸಿ ಮೇಲಕ್ಕೆತ್ತಿದರೆ ಎದ್ದು ನಿಲ್ಲುವಷ್ಟು ಎತ್ತರ, ಸುತ್ತ ಬಟ್ಟೆಯ ಗೋಡೆ, ಒಳಗೆ ಹಾಸಿಗೆ, ಸ್ಟೋವ್. ಆದರೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎಲ್ಲ ಸೌಕರ್ಯ ಇರುವ ಕ್ಯಾಂಪರ್ 30,000 ಡಾಲರ್ ದಾಟುವುದು ಮಾಮೂಲು. ಆಗ ನಮ್ಮೊಳಗಿನ ಎಂಜಿನಿಯರ್ ಎದ್ದು ಕೂರುತ್ತಾನೆ: "ಪ್ಲೈವುಡ್, ಅಲ್ಯೂಮಿನಿಯಂ, ನಾಲ್ಕು ಗ್ಯಾಸ್ ಸ್ಟ್ರಟ್. ಇದಕ್ಕೆ ಇಷ್ಟು ದುಡ್ಡೇ? ನಾನೇ ಕಟ್ಟುತ್ತೇನೆ."

ನನ್ನ ಅಭಿಪ್ರಾಯ ಇಷ್ಟು: ಕಟ್ಟಿ, ಆದರೆ ದುಡ್ಡು ಉಳಿಸಲೆಂದು ಕಟ್ಟಬೇಡಿ. ಕಟ್ಟುವುದಾದರೂ ಪೂರ್ತಿ ಕಟ್ಟಬೇಡಿ.

ಮೊದಲು ದುಡ್ಡಿನ ಲೆಕ್ಕ. ಇದು ಉದಾಹರಣೆ ಮಾತ್ರ, ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಸಿದ್ಧ ಕ್ಯಾಂಪರಿಗೆ 25,000 ಡಾಲರ್ ಎಂದುಕೊಳ್ಳಿ. ನೀವೇ ಕಟ್ಟಿದರೆ ಸಾಮಗ್ರಿ, ಸಲಕರಣೆಗೆ 9,000, ಕೆಲಸ 400 ಗಂಟೆ. ಉಳಿತಾಯ 16,000, ಅಂದರೆ ಗಂಟೆಗೆ 40 ಡಾಲರ್. ಚೆನ್ನಾಗಿಯೇ ಕಾಣುತ್ತದೆ. ಆದರೆ ಐದು ವರ್ಷದ ನಂತರ ಮಾರುವ ದಿನ ಬರುತ್ತದೆ. ಹೆಸರಿರುವ ಕಂಪನಿಯ ಕ್ಯಾಂಪರ್ 15,000ಕ್ಕೆ ಹೋಯಿತೆನ್ನಿ, ಅದರ ನಿಜವಾದ ಖರ್ಚು 10,000. ಮನೆಯಲ್ಲಿ ಕಟ್ಟಿದ್ದನ್ನು ಕೊಳ್ಳುವವನಿಗೆ ಒಳಗಿನ ಕೆಲಸದ ಮೇಲೆ ನಂಬಿಕೆ ಇರುವುದಿಲ್ಲ. ಅದು 3,000ಕ್ಕೆ ಹೋದರೆ ನಿಮ್ಮ ಖರ್ಚು 6,000. ವ್ಯತ್ಯಾಸ 4,000 ಮಾತ್ರ. ಮೊದಲು ಉಳಿದ 16,000 ಡಾಲರನ್ನು ಶೇ. 5ರ ಬಡ್ಡಿಗೆ ಹಾಕಿಟ್ಟಿದ್ದರೆ ಐದು ವರ್ಷದಲ್ಲಿ ಸುಮಾರು 4,400 ಬರುತ್ತಿತ್ತು, ಅದನ್ನೂ ಸೇರಿಸೋಣ. ಒಟ್ಟು 8,400. ಗಂಟೆಗೆ 21 ಡಾಲರ್. ನಷ್ಟವಲ್ಲ ನಿಜ, ಆದರೆ ಮೊದಲು ಕಂಡ ಲಾಭದ ಅರ್ಧ ಅಷ್ಟೇ.

"ಶನಿವಾರದ ಗಂಟೆಗೆ ಆಫೀಸಿನವರು ಸಂಬಳ ಕೊಡುವುದಿಲ್ಲವಲ್ಲ, ಅದಕ್ಕೇಕೆ ಬೆಲೆ ಕಟ್ಟಬೇಕು?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆ ಗಂಟೆಯನ್ನು ಡಾಲರಿನಲ್ಲಿ ಅಳೆಯಬಾರದು, ಬೇಸಿಗೆಯಲ್ಲಿ ಅಳೆಯಬೇಕು. ಹನ್ನೆರಡು ವರ್ಷದ ಮಗಳಿದ್ದರೆ ಅವಳು ಕಾಲೇಜಿಗೆ ಹೊರಡುವ ತನಕ ಉಳಿದಿರುವುದು ಆರು ಬೇಸಿಗೆ. ಅದರಲ್ಲಿ ಎರಡು ಊರಿಗೆ ಹೋಗಿಬರಲು, ಅಜ್ಜ ಅಜ್ಜಿಯ ಜೊತೆ ಇರಲು. ಉಳಿದದ್ದು ನಾಲ್ಕು. ಕ್ಯಾಂಪರ್ ಕಟ್ಟಲು ಎರಡು ಬೇಸಿಗೆ ಹೋದರೆ ಆ ಆಸ್ತಿಯ ಅರ್ಧ ಆಯಸ್ಸು ಗ್ಯಾರೇಜಿನಲ್ಲೇ ಮುಗಿಯಿತು. ಇದು ಯಾವ ಸ್ಪ್ರೆಡ್‌ಶೀಟಿನಲ್ಲೂ ಕಾಣಿಸದ ಸವಕಳಿ.

"ಎರಡು ಬೇಸಿಗೆ ಏಕೆ, ಮೂರು ತಿಂಗಳು ಸಾಕು" ಎನ್ನುವವರಿಗೆ ಒಂದು ಅಧ್ಯಯನದ ಮಾತು. ಇಂಥ ಆಶಾವಾದಿ ಅಂದಾಜಿಗೆ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ 'ಪ್ಲಾನಿಂಗ್ ಫ್ಯಾಲಸಿ' ಎಂದು ಹೆಸರಿಟ್ಟರು. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ? ಸುಮಾರು 49. ನಿಜಕ್ಕೂ ಹಿಡಿದದ್ದು 55ಕ್ಕಿಂತ ಹೆಚ್ಚು. ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರಿಗೆ ಇದು ಅಧ್ಯಯನವಿಲ್ಲದೆಯೇ ಗೊತ್ತಿತ್ತು.

ಎರಡನೆಯ ಬಜೆಟ್ ತೂಕದ್ದು. ಚಾಲಕನ ಬಾಗಿಲು ತೆಗೆದರೆ ಚೌಕಟ್ಟಿನ ಬಳಿ ಒಂದು ಸ್ಟಿಕ್ಕರ್ ಇರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಅದು 1,500 ಎಂದಿಟ್ಟುಕೊಳ್ಳಿ. ಮೂರು ಜನಕ್ಕೆ 420. ನೀರು ಗ್ಯಾಲನ್‌ಗೆ 8.3 ಪೌಂಡ್, 20 ಗ್ಯಾಲನ್‌ಗೆ 167. ಫ್ರಿಜ್, ಬ್ಯಾಟರಿ, ಗ್ಯಾಸ್, ಬಟ್ಟೆ, ಅಕ್ಕಿ ಬೇಳೆಗೆ 250 ಎನ್ನಿ. ಪೆಟ್ಟಿಗೆಗೆ ಉಳಿದದ್ದು ಸುಮಾರು 660 ಪೌಂಡ್. ಮುಕ್ಕಾಲು ಇಂಚಿನ ಪ್ಲೈವುಡ್ ಹಾಳೆ ಒಂದಕ್ಕೇ 60-70 ಪೌಂಡ್ ಇರುತ್ತದೆ. ಐದು ಹಾಳೆ ಹಾಕಿದರೆ ಅರ್ಧ ಬಜೆಟ್ ಖಾಲಿ. ಸ್ಪ್ರಿಂಗ್ ಅಥವಾ ಏರ್‌ಬ್ಯಾಗ್ ಹಾಕಿಸಿದರೆ ಟ್ರಕ್ ಕುಸಿದಂತೆ ಕಾಣುವುದಿಲ್ಲ, ಆದರೆ ಸ್ಟಿಕ್ಕರಿನ ಮಿತಿ ಹೆಚ್ಚುವುದಿಲ್ಲ. ಅಪಘಾತವಾದರೆ ಮೊದಲು ಬರುವ ಪ್ರಶ್ನೆಗಳಲ್ಲಿ ಇದೂ ಒಂದು. ಕೆಲಸ ಶುರುಮಾಡುವ ಮೊದಲೇ ವಿಮೆಯವರ ಜೊತೆ ಮಾತಾಡಿ, ಅವರ ಉತ್ತರವನ್ನು ಬರಹದಲ್ಲಿ ಪಡೆಯಿರಿ. ನೋಂದಣಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನೂ ಕೇಳಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಮಧ್ಯದ ದಾರಿಯೊಂದಿದೆ. ಚಾವಣಿ ಎತ್ತುವ ಸಾಧನ, ಬಟ್ಟೆಯ ಹೊಲಿಗೆ, ನೀರು ಸೋರದ ಜೋಡಣೆ ಇರುವ ಖಾಲಿ ಶೆಲ್ ಕೊಳ್ಳಿ. ಕೆಲವು ಕಂಪನಿಗಳು ಅದನ್ನಷ್ಟೇ ಮಾರುತ್ತವೆ. ಹಾಸಿಗೆ, ಡ್ರಾಯರ್, ಅಡುಗೆ ಕಟ್ಟೆ, ಸೋಲಾರ್ ನೀವು ಮಾಡಿ. ತಪ್ಪಿದರೆ ದುಬಾರಿಯಾಗುವ ಭಾಗ ಕಂಪನಿಯ ವಾರಂಟಿಯಲ್ಲಿ, ತಪ್ಪಿದರೂ ಬಿಚ್ಚಿ ಸರಿಮಾಡಬಹುದಾದ ಭಾಗ ನಿಮ್ಮ ಕೈಯಲ್ಲಿ. ಮಾರುವಾಗಲೂ ಶೆಲ್‌ಗೆ ಬೆಲೆ ಸಿಗುತ್ತದೆ. ಗ್ಯಾಸ್ ಸಂಪರ್ಕ ಮಾತ್ರ ಬಲ್ಲವರಿಂದ ಮಾಡಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮರೆಯಬೇಡಿ.

ಎಚ್-1ಬಿಯಲ್ಲಿರುವವರಿಗೆ ಒಂದು ಎಚ್ಚರಿಕೆ. ನಿಮಗಾಗಿ ಕಟ್ಟಿ, ಬಳಸಿ, ಮುಂದೆ ಮಾರುವುದು ಒಂದು ಮಾತು. ಚೆನ್ನಾಗಿ ಬಂದಿದೆ ಎಂದು ಗೆಳೆಯರ ಆರ್ಡರ್ ಹಿಡಿದು ಕಟ್ಟಿಕೊಡಲು ಶುರುಮಾಡಿದರೆ ಅದು ವೀಸಾ ಒಪ್ಪದ ದುಡಿಮೆ ಆಗುತ್ತದೆ. ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡಿ.

ಇದಕ್ಕೂ ಮೊದಲು ಒಂದು ವಾರಾಂತ್ಯಕ್ಕೆ ಇಂಥದ್ದೇ ಕ್ಯಾಂಪರ್ ಬಾಡಿಗೆಗೆ ತನ್ನಿ. ನಮ್ಮ ವೃತ್ತಿಯ ಭಾಷೆಯಲ್ಲಿ ಅದು ಆಪ್ಷನ್ ಪ್ರೀಮಿಯಂ. ಎರಡು ರಾತ್ರಿಯ ಬಾಡಿಗೆ ಕೊಟ್ಟು, ಸಾವಿರಾರು ಡಾಲರಿನ ನಿರ್ಧಾರಕ್ಕೆ ಬೇಕಾದ ಮಾಹಿತಿ ಕೊಳ್ಳುತ್ತೀರಿ. ಮನೆಯವರಿಗೆ ಅದರಲ್ಲಿ ನಿದ್ದೆ ಬಂತೇ ಎಂಬುದೇ ದೊಡ್ಡ ಮಾಹಿತಿ.

ಕ್ಯಾಂಪರಿನ ಲಾಭ ಬರುವುದು ಅದರಲ್ಲಿ ಮಲಗಿದ ರಾತ್ರಿಗಳಿಂದ. ಪಶ್ಚಿಮದ ರಾಜ್ಯಗಳಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ವಿಶಾಲ ಜಮೀನಿದೆ, ಬಹಳ ಕಡೆ 14 ದಿನಗಳವರೆಗೆ ಬಾಡಿಗೆಯಿಲ್ಲದೆ ತಂಗಬಹುದು. ಹಾಗಾಗಿ ಸಾಮಗ್ರಿಯ ಪಟ್ಟಿ ಬರೆಯುವ ಮುನ್ನ ಮೊದಲ ಪ್ರವಾಸದ ದಿನಾಂಕ ಬರೆಯಿರಿ. ಆ ದಿನ ಡ್ರಾಯರಿಗೆ ಹಿಡಿಕೆ ಇಲ್ಲದಿದ್ದರೂ, ಪಾಲಿಶ್ ಬಾಕಿ ಇದ್ದರೂ ಹೊರಡಿ. ಬಾಕಿ ಕೆಲಸ ಚಳಿಗಾಲದಲ್ಲಿ ಮಾಡಬಹುದು.