ಟ್ರಿನಿಡಾಡಿಗೆ ಹೊರಟ ಬಂಧುಗಳಿಗೆ



ಹೋದ ತಿಂಗಳು ಮಕ್ತಲದಿಂದ ನಮ್ಮ ದೂರದ ಬೀಗರೊಬ್ಬರು ಸೀರೆ ಖರೀದಿಗೆಂದು ಅಂಗಡಿಗೆ ಬಂದಿದ್ದರು. ಸೀರೆ ಬಿಚ್ಚಿಸಿದ್ದು ನಾಲ್ಕೇ. ಉಳಿದ ಒಂದು ಗಂಟೆ ಮಗಳ ಮಾತೇ ಆಯಿತು. ಅಳಿಯನಿಗೆ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ನೌಕರಿ. ಮಗಳಿಗೆ ಈಗ ಐದು ತಿಂಗಳು. ಅವಳು ಇಲ್ಲಿಗೆ ಬರುವಂತಿಲ್ಲ, ಬಾಣಂತನಕ್ಕೆ ತಾಯಿಯೇ ಅಲ್ಲಿಗೆ ಹೋಗಬೇಕು. ತಾಯಿಗೆ 61 ವರ್ಷ. ರಾತ್ರಿಭೋಜನ ಇಲ್ಲ, ಕಂದಮೂಲ ಇಲ್ಲ, ಗಾಳಿಸದ ನೀರು ಮುಟ್ಟುವುದಿಲ್ಲ. “ಅಣ್ಣಾವ್ರೇ, ಮೀನು ತಿನ್ನೋ ದೇಶಕ್ಕೆ ಹೋಗಿ ಈಕಿ ಏನು ಉಂಡಾಳು? ನೇಮ ಬಿಡಬೇಕೋ, ಮಗಳನ್ನು ಬಿಡಬೇಕೋ?” ಎಂದು ಕೇಳಿದರು.

ನಮ್ಮ ಮನೆಯಲ್ಲೂ 2018ರಲ್ಲಿ ಇದೇ ಪ್ರಶ್ನೆ ಎದ್ದಿತ್ತು. ನಮ್ಮ ಅಳಿಯಂದಿರು ಆಗ ಅಲ್ಲಿಯ ಪಾಯಿಂಟ್ ಲಿಸಾಸ್ ಎಂಬಲ್ಲಿ ಅಮೋನಿಯಾ ಕಾರ್ಖಾನೆಯ ಕೆಲಸದಲ್ಲಿದ್ದರು. 2019ರ ಜನವರಿಯಲ್ಲಿ ನಾವು ಮತ್ತು ನಮ್ಮ ಮನೆಯವರು ಹೋಗಿ, ಎರಡೂವರೆ ತಿಂಗಳಿದ್ದು, ಮೊಮ್ಮಗನನ್ನು ಕೈಯಲ್ಲಿ ಆಡಿಸಿ ಬಂದೆವು. ನೇಮ ಮುರಿಯಲಿಲ್ಲ. ಆದರೆ ತಿಳಿಯದೆ ಪಟ್ಟ ಪಾಡು ಬಹಳ. ಈಗ ನಮ್ಮ ಹುಡುಗರು ಎಲ್ಲೆಲ್ಲಿಗೋ ಹೋಗುತ್ತಿರುವುದರಿಂದ ಬೀಗರಿಗೆ ಹೇಳಿದ್ದನ್ನೇ ಈ ಸಲ ಇಲ್ಲಿ ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ಸೂಜಿಯ ವಿಷಯ. ಟಿಕೆಟ್ ಮಾಡಿಕೊಟ್ಟ ಏಜೆಂಟರು ನಮಗೆ ಇದನ್ನು ಹೇಳಲೇ ಇಲ್ಲ. ಟ್ರಿನಿಡಾಡಿಗೆ ಒಳಗೆ ಹೋಗುವಾಗ ನಮ್ಮ ದೇಶದವರನ್ನು ಈ ಬಗ್ಗೆ ಕೇಳುವುದಿಲ್ಲ, ತೊಡಕು ಬರುವುದು ತಿರುಗಿ ಬರುವಾಗ. ಹಳದಿ ಜ್ವರ ಇರುವ ದೇಶಗಳೆಂದು ನಮ್ಮ ಸರ್ಕಾರ ಒಂದು ಪಟ್ಟಿ ಮಾಡಿದೆ, ಅದರಲ್ಲಿ ಟ್ರಿನಿಡಾಡ್ ಸೇರಿದೆ. ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದವರ ಹತ್ತಿರ ಲಸಿಕೆಯ ಹಳದಿ ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕರೆದೊಯ್ದು ಆರು ದಿನಗಳವರೆಗೆ ಬೇರೆ ಇಡುತ್ತಾರೆ. ಅಂಥ ಜಾಗದಲ್ಲಿ ನಮ್ಮ ಹೆಣ್ಣುಮಕ್ಕಳ ಊಟ ನೀರಿನ ಗತಿ ಏನೆಂದು ನೀವೇ ಯೋಚಿಸಿರಿ.

ಲಸಿಕೆಯನ್ನು ಎಲ್ಲ ದವಾಖಾನೆಯಲ್ಲಿ ಹಾಕುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ನಮ್ಮ ಕಡೆಯವರಿಗೆ ಹೈದರಾಬಾದಿನ ನಾರಾಯಣಗುಡದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಹತ್ತಿರ. ಹಾಕಿಸಿದ ಹತ್ತು ದಿನಗಳ ಮೇಲೆ ಕಾರ್ಡು ಊರ್ಜಿತವಾಗುತ್ತದೆ. 2016ರ ಜುಲೈಯಿಂದ ಒಮ್ಮೆ ಹಾಕಿಸಿದರೆ ಜನ್ಮಪರ್ಯಂತ ನಡೆಯುತ್ತದೆ.

ಆದರೆ ಎರಡು ಮಾತು ಮುಚ್ಚಿಡಬಾರದು. ಒಂದು, 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಂಭವ ಉಳಿದವರಿಗಿಂತ ಹೆಚ್ಚು. ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಇನ್ನೊಂದು, ಇದನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿ ತಯಾರಿಸುತ್ತಾರೆ. ನಮ್ಮ ಮನೆಯವರು ಈ ಮಾತು ಕೇಳಿದ ದಿನ ಊಟ ಬಿಟ್ಟು ಕುಳಿತರು. ಮಗಳು ಫೋನಿನಲ್ಲಿ ಅತ್ತಳು. ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತನಾಡಲಿಲ್ಲ. ಕೊನೆಗೆ ನಮ್ಮ ವೈದ್ಯರೇ, ಇವರ ವಯಸ್ಸು ಮತ್ತು ಹೃದಯದ ಔಷಧಿ ನೋಡಿ, ಹಾಕಿಸುವುದು ಬೇಡವೆಂದರು. ನಾವು ಹಾಕಿಸಿಕೊಂಡೆವು. ಸರಿಯೋ ತಪ್ಪೋ ಎಂದು ಇಂದಿಗೂ ಮನಸ್ಸಿನಲ್ಲಿ ಒಂದು ಎಳೆ ಉಳಿದಿದೆ. ಅವರವರ ಗುರುಗಳನ್ನೂ ವೈದ್ಯರನ್ನೂ ಕೇಳಿ ನಿರ್ಧರಿಸಿರಿ. ಮಕ್ಕಳು ಮಾತ್ರ ತಾಯಿಗೆ ಸುಳ್ಳು ಹೇಳಿ ಹಾಕಿಸಬಾರದು. ಹಾಗೆ ಮಾಡಿದ ಒಂದು ಮನೆಯನ್ನು ನಾವು ಬಲ್ಲೆವು. ಆ ತಾಯಿ ಇಂದಿಗೂ ಮಗನ ಕೈಯ ನೀರು ಕುಡಿಯುವುದಿಲ್ಲ.

ಸೂಜಿಯಿಲ್ಲದೆ ನಮ್ಮ ಮನೆಯವರು ತಿರುಗಿ ಬಂದದ್ದು ಹೇಗೆ? ನಿಯಮದಲ್ಲೇ ದಾರಿ ಇದೆ, ಆರು ದಿನ ಕಳೆದಿರಬೇಕು ಅಷ್ಟೇ. ಅಮೆರಿಕದ ನ್ಯೂ ಜೆರ್ಸಿಯಲ್ಲಿ ನಮ್ಮ ಅಣ್ಣನ ಮಗನಿದ್ದಾನೆ. ಟ್ರಿನಿಡಾಡಿನಿಂದ ಅವನಲ್ಲಿಗೆ ಹೋಗಿ ಎಂಟು ದಿನ ಇದ್ದೆವು. ಆ ರಾಜ್ಯದ ಬ್ಲೇರ್ಸ್‌ಟೌನ್ ಎಂಬಲ್ಲಿ ಆಚಾರ್ಯ ಸುಶೀಲಕುಮಾರರು 1983ರಲ್ಲಿ ಸ್ಥಾಪಿಸಿದ ಸಿದ್ಧಾಚಲಂ ಕ್ಷೇತ್ರವಿದೆ, ಅಲ್ಲಿ ದರ್ಶನವೂ ಆಯಿತು. ಎರಡೂವರೆ ತಿಂಗಳ ಮೇಲೆ ಮೂರ್ತಿಯ ಮುಂದೆ ನಿಂತಾಗ ಇವರಿಗೆ ಕಣ್ಣೀರು ತಡೆಯಲಾಗಲಿಲ್ಲ. ಶಂಶಾಬಾದಿನಲ್ಲಿ ಇಳಿದಾಗ ಆರೋಗ್ಯ ಇಲಾಖೆಯ ಅಧಿಕಾರಿಗಳು ಪಾಸ್‌ಪೋರ್ಟಿನ ಮುದ್ರೆ ನೋಡಿ, ಬೆರಳು ಮಡಚಿ ಎರಡು ಸಲ ದಿನ ಎಣಿಸಿ ಬಿಟ್ಟರು. ಆದ್ದರಿಂದ ಬೋರ್ಡಿಂಗ್ ಪಾಸಿನ ಚೂರುಗಳನ್ನು ಬಿಸಾಡಬೇಡಿರಿ. ನಿಯಮ ಬದಲಾಗುವುದುಂಟು, ಟಿಕೆಟ್ ಮಾಡುವ ಮೊದಲು ಕೇಂದ್ರದಲ್ಲಿಯೇ ಕೇಳಿಕೊಳ್ಳಿರಿ. ಏಜೆಂಟರ ಬಾಯಿಮಾತು ಸಾಲದು.

ವೀಸಾ ವಿಷಯವೂ ಹೀಗೆಯೇ ತಿರುವುಮುರುವು. ಟ್ರಿನಿಡಾಡಿಗೆ ನಮ್ಮ ಪಾಸ್‌ಪೋರ್ಟಿನವರಿಗೆ 90 ದಿನಗಳ ಪ್ರವಾಸಕ್ಕೆ ಮುಂಗಡ ವೀಸಾ ಬೇಕಾಗಿರಲಿಲ್ಲ. ಆದರೆ ದಾರಿ ಹೋಗುವುದು ಬಹುಮಟ್ಟಿಗೆ ನ್ಯೂಯಾರ್ಕ್, ಮಿಯಾಮಿ ಅಥವಾ ಲಂಡನ್ ಮೇಲೆ. ಅಮೆರಿಕದಲ್ಲಿ ಎರಡು ಗಂಟೆ ವಿಮಾನ ಬದಲಿಸುವುದಕ್ಕೂ ವೀಸಾ ಬೇಕೇ ಬೇಕು. ಅದಕ್ಕೆ ಹೈದರಾಬಾದಿನಲ್ಲಿ ಸರದಿ ಸಿಗುವುದು ಯಾವಾಗಲೋ. ಆದಕಾರಣ ಐದನೆಯ ತಿಂಗಳಲ್ಲೇ ಬೀಗರು ಕೇಳಿದ್ದು ಒಳ್ಳೆಯದಾಯಿತು, ಆದರೆ ಮೂರನೆಯದರಲ್ಲಿ ಕೇಳಬೇಕಿತ್ತು.

ವಿಮಾನದಲ್ಲಿ ಜೈನ ಊಟ ಸಿಗುತ್ತದೆ, ಎರಡು ಮೂರು ದಿನ ಮುಂಚೆಯೇ ಬರೆಸಬೇಕು. ಬರೆಸಿದರೂ ಮರೆಯುವುದುಂಟು. ನಮ್ಮದೇ ಗಂಟು ಜೊತೆಗಿರಲಿ. ನಾವು ಒಯ್ದದ್ದು ಜೋಳದ ಖಟಕ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ ಹಿಂಡಿ, ಖಾಖ್ರಾ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿರಿ, ಚೀಲದಲ್ಲಿ ಹಾಕಿದರೆ ಪುಡಿಯೇ ಗತಿ. ಅಮೆರಿಕದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿ ಸಾಮಾನೆಲ್ಲ ಇಳಿಸಿಕೊಂಡು, ತಪಾಸಣೆಗೆ ಕೊಟ್ಟು, ಮತ್ತೆ ಹಾಕಬೇಕು. ಹಸಿ ಹಣ್ಣು, ಹಸಿ ಕಾಯಿಪಲ್ಯ, ಬಿತ್ತುವ ಬೀಜ ಬೇಡವೇ ಬೇಡ. ತಿನ್ನುವ ಪದಾರ್ಥ ಇದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳಿರಿ. ಇಲ್ಲವೆಂದು ಹೇಳಿ ಸಿಕ್ಕಿದರೆ ದಂಡ ಬೀಳುತ್ತದೆ.

ಪಶ್ಚಿಮಕ್ಕೆ ಹಾರುವಾಗ ಹಗಲು ಉದ್ದವಾಗುತ್ತದೆ. ಕೈಗಡಿಯಾರ ನಾರಾಯಣಪೇಟೆಯಲ್ಲಿ ರಾತ್ರಿ ಒಂಬತ್ತು ಎನ್ನುವಾಗ ಕಿಟಕಿಯಲ್ಲಿ ಬಿಸಿಲು. ಇದಕ್ಕೇನು ಮಾಡುವುದೆಂದು ನಮ್ಮ ಮನೆಯವರು ಹೊರಡುವ ಮೊದಲೇ ಮಹಾರಾಜರನ್ನು ಕೇಳಿದ್ದರು. ದೇಹ ಎಲ್ಲಿದೆಯೋ ಅಲ್ಲಿಯ ಸೂರ್ಯನೇ ಪ್ರಮಾಣ ಎಂದು ಅಪ್ಪಣೆಯಾಗಿತ್ತು. ಹೀಗಾಗಿ ಕಿಟಕಿಯ ಪಕ್ಕದ ಸೀಟೇ ಹಿಡಿದೆವು.

ಟ್ರಿನಿಡಾಡಿನಲ್ಲಿ ಈ ಚಿಂತೆ ಕಡಿಮೆ. ದ್ವೀಪ ಇರುವುದು ಹೆಚ್ಚುಕಡಿಮೆ ನಮ್ಮ ಕೊಯಮತ್ತೂರಿನ ಅಕ್ಷಾಂಶದಲ್ಲಿ. ವರ್ಷವಿಡೀ ಸೂರ್ಯ ಮುಳುಗುವುದು ಸಂಜೆ ಐದೂಮುಕ್ಕಾಲರಿಂದ ಆರೂವರೆಯೊಳಗೆ. ನಿಜವಾದ ಶತ್ರು ಎಂದರೆ ರಸ್ತೆ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನಿಂದ ಚಗ್ವಾನಾಸ್ ಪೇಟೆಗೆ ಸುಮಾರು 20 ಕಿಲೋಮೀಟರ್ ಮಾತ್ರ. ಕಚೇರಿ ಬಿಡುವ ಹೊತ್ತಿಗೆ ಹೊರಟರೆ ಹೆದ್ದಾರಿಯಲ್ಲೇ ಕತ್ತಲಾಗುತ್ತದೆ. ನಮಗೆ ಎರಡು ಸಲ ಹಾಗಾಗಿ ಇವರು ಉಪವಾಸ ಮಲಗಿದರು. ಮೂರನೆಯ ಸಲದಿಂದ ಮಧ್ಯಾಹ್ನ ಮೂರಕ್ಕೇ ತಿರುಗುವ ನಿಯಮ ಮಾಡಿದೆವು, ಡಬ್ಬಿಯೂ ಕಾರಿನಲ್ಲಿ ಇರುತ್ತಿತ್ತು.

ದ್ವೀಪ ದೊಡ್ಡದೇನಲ್ಲ, ಹಿಂದಿನ ಮಹಬೂಬನಗರ ಜಿಲ್ಲೆಯ ಮೂರನೆಯ ಒಂದು ಪಾಲೂ ಆಗದು. ಅಲ್ಲಿ ಇಳಿದವರಿಗೆ ಪರದೇಶಕ್ಕೆ ಬಂದೆವು ಎನ್ನಿಸುವುದೇ ಇಲ್ಲ. 1845ರ ಮೇ 30ರಂದು ಕಲ್ಕತ್ತೆಯಿಂದ ಮೊದಲ ಹಡಗು ಅಲ್ಲಿ ತಲುಪಿತು. ಕಬ್ಬಿನ ತೋಟದ ಕರಾರು ಕೂಲಿಗಳಾಗಿ 1917ರವರೆಗೆ ಸುಮಾರು 1 ಲಕ್ಷ 40 ಸಾವಿರ ಜನ ಹೋದರು. ಬಹುಪಾಲು ಬಿಹಾರ, ಸಂಯುಕ್ತ ಪ್ರಾಂತದವರು, ಕೆಲವರು ಮದ್ರಾಸಿನಿಂದ. ಮೇ 30 ಅಲ್ಲಿ ಇಂದಿಗೂ ಸರ್ಕಾರಿ ರಜೆ. ಹಿಂದಿ ಬಹುತೇಕ ಹೋಗಿದೆ, ಆದರೆ ಅಜ್ಜನಿಗೆ ಆಜಾ, ಅಜ್ಜಿಗೆ ಆಜಿ ಎನ್ನುತ್ತಾರೆ. ಜೀರಿಗೆಗೆ ಗೀರಾ, ಬದನೆಗೆ ಬೈಗನ್. ನೆರೆಮನೆಯ ಆಜಿಯೊಬ್ಬರಿಗೆ ನಮ್ಮ ನಾರಾಯಣಪೇಟೆಯ ಚೌಕಡಿ ಸೀರೆ ಒಂದನ್ನು ಕೊಟ್ಟೆವು. ಅವರಿಗೆ ಉಡಲು ಬರುತ್ತಿರಲಿಲ್ಲ. ನಮ್ಮ ಮನೆಯವರೇ ಉಡಿಸಿದರು. ಆ ದಿನದಿಂದ ಅವರ ತೋಟದ ಹಲಸಂದೆ, ಕುಂಬಳ, ಹರಿವೆ ಸೊಪ್ಪು ನಮ್ಮ ಬಾಗಿಲಿಗೆ ಬರತೊಡಗಿತು. ಕೊನೆಯವರೆಗೂ ನಮ್ಮ ಅಡಿಗೆ ನಡೆದದ್ದು ಅದರಲ್ಲೇ.

ಹೊರಗಿನ ತಿಂಡಿಯಲ್ಲಿ ಡಬಲ್ಸ್ ಎಂಬುದು ಬೀದಿಬೀದಿಯಲ್ಲಿದೆ, ಅರಿಸಿನ ಹಾಕಿದ ಎರಡು ಬಡಾ ನಡುವೆ ಕಡಲೆ ಗೊಜ್ಜು. ಮಾಂಸವಿಲ್ಲ. ಆದರೆ ಬೆಳ್ಳುಳ್ಳಿ ಇರುತ್ತದೆ. ದಾಲ್‌ಪುರಿ ರೊಟ್ಟಿಯ ಹೂರಣದಲ್ಲೂ ಬೆಳ್ಳುಳ್ಳಿ ಬೀಳುತ್ತದೆ. ಏನೂ ಸೇರಿಸದ ಸಾದಾ ರೊಟ್ಟಿ ಎಂದೇ ಕೇಳಿದರೆ ಸಿಗುತ್ತದೆ, ಆದರೂ ಕಲಸುವಾಗ ಏನು ಹಾಕಿದರೆಂದು ಒಮ್ಮೆ ವಿಚಾರಿಸಿರಿ. ಜಡೆಗಟ್ಟಿದ ರಾಸ್ತಾ ಜನರ ಅಂಗಡಿಗಳಲ್ಲಿ ‘ಇಟಲ್’ ಎಂಬ ಮಾಂಸವಿಲ್ಲದ ಅಡಿಗೆ ಮಾಡುತ್ತಾರೆ, ಅನೇಕ ಕಡೆ ಉಪ್ಪೂ ಹಾಕುವುದಿಲ್ಲ. ಅವರ ವೇಷ ನೋಡಿ ಮೊದಲು ಹೆದರಿದ ನಾವು ಆಮೇಲೆ ಅಲ್ಲಿಯೇ ಹಣ್ಣಿನ ರಸ ಕುಡಿದೆವು. ಮನೆಯಲ್ಲಿ ಅಡಿಗೆ ಮಾಡುವವರಿಗೆ ಒಂದು ಎಚ್ಚರಿಕೆ: ಕರೆಂಟು 115 ವೋಲ್ಟಿನದು, ನಮ್ಮ ಮಿಕ್ಸರ್ ಅಲ್ಲಿ ತಿರುಗುವುದಿಲ್ಲ. ನಾವು ಹೊತ್ತುಕೊಂಡು ಹೋದದ್ದನ್ನು ಹಾಗೆಯೇ ಹೊತ್ತುಕೊಂಡು ಬಂದೆವು. ನೀರು ಗಾಳಿಸುವ ಬಟ್ಟೆ ನಾಲ್ಕು ಇರಲಿ.

ನೋಡುವುದು ಏನೆಂದರೆ, ಸೂಜಿಯಿಲ್ಲದವರು ಕಾಡು ಗುಡ್ಡಗಳ ಕಡೆ ಹೋಗಲೇಬಾರದೆಂದು ವೈದ್ಯರ ಕಟ್ಟಪ್ಪಣೆ ಇದ್ದುದರಿಂದ ನಾವು ಪೇಟೆಗಳನ್ನಷ್ಟೇ ನೋಡಿದೆವು. ಸಾನ್ ಫರ್ನಾಂಡೋದಿಂದ ಪೋರ್ಟ್ ಆಫ್ ಸ್ಪೇನಿಗೆ ನೀರಿನ ಮೇಲೆ ದೋಣಿ ಬಸ್ಸು ಇದೆ, ರಸ್ತೆಯ ಗದ್ದಲ ತಪ್ಪುತ್ತದೆ. ಮ್ಯಾಕ್ಸಿ ಟ್ಯಾಕ್ಸಿಗಳ ಪಟ್ಟೆಯ ಬಣ್ಣ ನೋಡಿ ಹತ್ತಬೇಕು. ಚಗ್ವಾನಾಸ್ ಮತ್ತು ದಕ್ಷಿಣಕ್ಕೆ ಹಸಿರು, ಪೂರ್ವಕ್ಕೆ ಕೆಂಪು. ಕರಪಿಚೈಮಾ ಎಂಬಲ್ಲಿ 85 ಅಡಿಯ ಹನುಮಾನ್ ಮೂರ್ತಿ ಇದೆ, ನಮ್ಮ ಮೈಸೂರಿನ ದತ್ತಪೀಠದವರು 2003ರಲ್ಲಿ ಸ್ಥಾಪಿಸಿದ್ದು. ಹತ್ತಿರದ ವಾಟರ್‌ಲೂದಲ್ಲಿ ಸಮುದ್ರದೊಳಗೆ ಒಂದು ಗುಡಿ. ಸಿಯುದಾಸ್ ಸಾಧು ಎಂಬ ಕೂಲಿಯವರು ಕಬ್ಬಿನ ಕಂಪನಿಯ ನೆಲದಲ್ಲಿ ಗುಡಿ ಕಟ್ಟಿದಾಗ ಅದನ್ನು ಕೆಡವಿ ಅವರನ್ನು ಜೈಲಿಗೂ ಹಾಕಿದರು. ನೆಲ ನಿಮ್ಮದಾದರೆ ನೀರು ಯಾರದೂ ಅಲ್ಲವೆಂದು ಅವರು ಸೈಕಲ್ ಮೇಲೆ ಕಲ್ಲು ಸಿಮೆಂಟು ಹೊತ್ತು ವರ್ಷಾನುವರ್ಷ ಕಡಲಲ್ಲೇ ಕಟ್ಟಿದರು. ಜೈನ ಮಂದಿರ ನಮಗೆ ಅಲ್ಲಿ ಒಂದೂ ಕಾಣಲಿಲ್ಲ. ಪೂಜೆಯ ಸಣ್ಣ ಮೂರ್ತಿಯೋ ಫೋಟೋವೋ ಕೈಚೀಲದಲ್ಲೇ ಇರಲಿ.

ನಾವು ಒಡವೆಯ ಊರಿನವರು, ಆದರೂ ಒಡವೆ ಬೇಡ. ಅಲ್ಲಿ ಕಳ್ಳತನ, ಗುಂಡಿನ ಹೊಡೆದಾಟ ಹೆಚ್ಚು. 2024ರ ಡಿಸೆಂಬರಿನಲ್ಲಿಯೂ 2025ರ ಜುಲೈಯಲ್ಲಿಯೂ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿತ್ತು. ಹೊರಡುವ ವಾರದ ಸುದ್ದಿ ನೋಡಿಕೊಂಡೇ ಹೊರಡಿರಿ. ನಮ್ಮ ಮನೆಯವರು ತಾಳಿಯನ್ನು ಸೆರಗಿನೊಳಗೆ ಮರೆಮಾಡಿ, ಕೈಗೆ ಗಾಜಿನ ಬಳೆ ಹಾಕಿಕೊಂಡಿದ್ದರು. ಕತ್ತಲಾದ ಮೇಲೆ ರಾಜಧಾನಿಯಲ್ಲಿ ಕಾಲ್ನಡಿಗೆ ಬೇಡ. ರಾತ್ರಿ ಊಟವಿಲ್ಲದ ನಮಗೆ ಆ ಹೊತ್ತಿನಲ್ಲಿ ಹೊರಗೆ ಕೆಲಸವಾದರೂ ಏನು! ಫೆಬ್ರವರಿ ಮಾರ್ಚಿನ ಕಾರ್ನಿವಲ್ ವಾರದಲ್ಲಿ ವಿಮಾನ, ವಸತಿ ಎಲ್ಲದರ ದರ ಏರುತ್ತದೆ, ಅದನ್ನು ಬಿಟ್ಟು ಟಿಕೆಟ್ ಮಾಡಿರಿ. ಮಳೆ ಜೂನಿನಿಂದ ಡಿಸೆಂಬರಿನವರೆಗೆ. ಅಮೆರಿಕದ ಡಾಲರ್ ಒಯ್ದರೆ ಒಂದಕ್ಕೆ ಅಲ್ಲಿಯ ಆರೂಮುಕ್ಕಾಲು ಡಾಲರಿನಷ್ಟು ಸಿಗುತ್ತದೆ.

ಮಗಳಿಗೆ ಫೋನು ಮಾಡುವಾಗ ಒಂಬತ್ತೂವರೆ ಗಂಟೆ ಹಿಂದೆ ಎಣಿಸಬೇಕು. ನಮ್ಮ ಬೆಳಗಿನ ಏಳು ಅಲ್ಲಿ ಹಿಂದಿನ ರಾತ್ರಿಯ ಒಂಬತ್ತೂವರೆ.

ಮಕ್ತಲದ ಬೀಗರಿಗೆ ಒಂದು ಮಾತು ಹೇಳುವುದು ಅಂದು ಮರೆತಿತ್ತು. ಅಲ್ಲಿಯ ಗೋಡೆಗೆ ಸಿಕ್ಕಿಸುವ ಚಪ್ಪಟೆ ಕಡ್ಡಿಯ ಪಿನ್ನು ಎರಡು ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ಇವೆ, ಫೋನು ಚಾರ್ಜ್ ಮಾಡಲು ಬೇಕಾಗುತ್ತವೆ. ತಂಗಿಯವರನ್ನೂ ಕರೆದುಕೊಂಡು ಬನ್ನಿರಿ. ಎಷ್ಟು ರೊಟ್ಟಿ ಬಡಿಯಬೇಕೆಂಬ ಲೆಕ್ಕ ನಮ್ಮ ಮನೆಯವರ ಹತ್ತಿರ ಇದೆ.